ಇಪ್ಪತ್ತು ವರ್ಷ ಹಳೇ ಓಪನ್ ಸೋರ್ಸ್ ಇಆರ್‌ಪಿಗೆ ಹೊಸ ವಿಷನ್ ಬರೆಯೋದು ಹೇಗೆ

"ನಮ್ ಪ್ರಾಜೆಕ್ಟ್ ಹಳೇದಾಗೋಗಿದೆ, ಯಾರೂ ಹೊಸಬ್ರು ಬರ್ತಿಲ್ಲ, ಮಾಡರ್ನ್ ಮಾಡ್ಬೇಕು, ಎಲ್ಲಿಂದ ಶುರು ಮಾಡೋದು?" ಈ ಪ್ರಶ್ನೆ ತಿಂಗಳಿಗೆ ಎರಡು ಸಲ ಆದ್ರೂ ನನಗೆ ಬರತ್ತೆ. ಕೇಳೋರು ಹೆಚ್ಚಾಗಿ ಇಆರ್‌ಪಿ, ಅಕೌಂಟಿಂಗ್, ಸ್ಟಾಕ್ ಸಾಫ್ಟ್‌ವೇರ್ ಕಡೆಯೋರು. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಬೆರಳು ಸವೆದಿದೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಡ್ತಿದ್ದೀನಿ.

ಮೊದಲು ಮೂರು ಪದ ಬಿಡಿಸ್ಕೊಳ್ಳೋಣ. ಓಪನ್ ಸೋರ್ಸ್ ಅಂದ್ರೆ ಕೋಡ್ ಎಲ್ಲರಿಗೂ ತೆರೆದಿಟ್ಟಿರೋ, ಯಾರು ಬೇಕಾದ್ರೂ ತಗೊಂಡು ಬದಲಾಯಿಸ್ಕೊಳ್ಳಬಹುದಾದ ಸಾಫ್ಟ್‌ವೇರ್. ಇಆರ್‌ಪಿ ಅಂದ್ರೆ ಒಂದು ಕಂಪನಿಯ ಆರ್ಡರು, ಸ್ಟಾಕು, ಖರೀದಿ, ಲೆಕ್ಕ, ಸಂಬಳ ಎಲ್ಲಾ ಒಂದೇ ಡೇಟಾಬೇಸ್‌ನಲ್ಲಿ ನಡೆಯೋ ಸಾಫ್ಟ್‌ವೇರ್. ವಿಷನ್ ಅಂದ್ರೆ ಈ ಪ್ರಾಜೆಕ್ಟ್ ಇನ್ನು ಐದು ವರ್ಷ ಯಾರಿಗೋಸ್ಕರ ಇರತ್ತೆ, ಏನು ಮಾಡತ್ತೆ, ಮುಖ್ಯವಾಗಿ ಏನು ಮಾಡಲ್ಲ ಅನ್ನೋ ಒಂದು ಒಪ್ಪಂದ. ರೋಡ್‌ಮ್ಯಾಪ್ ಬೇರೆ, ಅದು ಯಾವ ಕೆಲಸ ಯಾವಾಗ ಅನ್ನೋ ಪಟ್ಟಿ. ವಿಷನ್ನು ರೋಡ್‌ಮ್ಯಾಪು ಎರಡನ್ನೂ ಕಲಸಿಬಿಟ್ರೆ "ರಿಯಾಕ್ಟ್ ಹಾಕೋಣ, ಡಾಕರ್ ಹಾಕೋಣ, ಎಐ ಹಾಕೋಣ" ಅನ್ನೋ ಅಂಗಡಿ ಚೀಟಿ ತಯಾರಾಗತ್ತೆ, ವಿಷನ್ ಆಗಲ್ಲ.

ಉದಾಹರಣೆಗೆ ಲೇಖನದುದ್ದಕ್ಕೂ ಅಪಾಚೆ ಓಎಫ್‌ಬಿಜ್ ಅನ್ನೋ ಓಪನ್ ಸೋರ್ಸ್ ಇಆರ್‌ಪಿ ಇಟ್ಕೊಳ್ತೀನಿ. 2001ರಲ್ಲಿ ಡೇವಿಡ್ ಜೋನ್ಸ್ ಮತ್ತೆ ಆಂಡಿ ಝೆನೆಸ್ಕಿ ಶುರು ಮಾಡಿದ್ದು, 2006ರಲ್ಲಿ ಅಪಾಚೆ ಫೌಂಡೇಶನ್ (ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನ ನೋಡ್ಕೊಳ್ಳೋ ಸಂಸ್ಥೆ) ಒಳಗೆ ಬಂತು, ಜಾವಾದಲ್ಲಿ ಬರೆದಿರೋದು, ಇವತ್ತಿಗೂ ಓಡ್ತಿದೆ. ಈ ಲೇಖನಕ್ಕೆ ಬೇಕಾದ ಒಳ್ಳೇದು ಕೆಟ್ಟದ್ದು ಎರಡೂ ಅದರಲ್ಲಿ ಸಿಗತ್ತೆ. ನಿಮ್ಮದು ಬೇರೆ ಪ್ರಾಜೆಕ್ಟ್ ಆಗಿದ್ರೂ ಹಂತಗಳು ಹೆಚ್ಚುಕಮ್ಮಿ ಇವೇ.

ಶುರು ಮಾಡೋಕೆ ಮುಂಚೆ ಬೇಕಾಗಿರೋದು

ದುಡ್ಡು ಬೇಡ. ಆರರಿಂದ ಎಂಟು ವಾರ ಟೈಮ್ ಬೇಕು, ವಾರಕ್ಕೆ ನಾಲ್ಕೈದು ಗಂಟೆ. ಮೂರು ಥರದ ಜನ ಬೇಕು: ಕೋಡ್ ಒಳಗೆ ವರ್ಷಗಟ್ಟಲೆ ಓಡಾಡಿರೋರು ಒಬ್ಬರು, ಕಸ್ಟಮರ್ ಜಾಗಕ್ಕೆ ಹೋಗಿ ಇದನ್ನ ಇನ್‌ಸ್ಟಾಲ್ ಮಾಡಿ ಬೈಸ್ಕೊಂಡಿರೋರು ಒಬ್ಬರು, ಪ್ರಾಜೆಕ್ಟ್ ಬಗ್ಗೆ ಏನೂ ಗೊತ್ತಿಲ್ಲದ ಹೊಸಬ್ರು ಒಬ್ಬರು. ಮೂರನೇಯವ್ರನ್ನ ಎಲ್ಲರೂ ಬಿಟ್ಬಿಡ್ತಾರೆ, ಬಿಡಬೇಡಿ, ಐದನೇ ಹಂತದಲ್ಲಿ ಅವರೇ ಹೀರೋ. ಜೊತೆಗೆ ಹಿಂದಿನ ಎರಡು ವರ್ಷದ ಕಮಿಟ್ ಹಿಸ್ಟರಿ ಮತ್ತೆ ತೆರೆದಿರೋ ಬಗ್‌ಗಳ ಪಟ್ಟಿ ಇಳಿಸ್ಕೊಂಡು ಇಟ್ಕೊಳ್ಳಿ. ಕಮಿಟ್ ಅಂದ್ರೆ ಕೋಡ್‌ಗೆ ಸೇರಿದ ಒಂದೊಂದು ಬದಲಾವಣೆಯ ದಾಖಲೆ, ಯಾರು ಯಾವಾಗ ಏನು ಮುಟ್ಟಿದ್ರು ಅಂತ ಅದರಲ್ಲಿರತ್ತೆ.

1. ಈಗ ಯಾರು ಓಡಿಸ್ತಿದ್ದಾರೆ ಅಂತ ಪತ್ತೆ ಮಾಡಿ

ಓಪನ್ ಸೋರ್ಸ್‌ನಲ್ಲಿ ಗಿರಾಕಿ ಪಟ್ಟಿ ಅಂತ ಇರಲ್ಲ, ಡೌನ್‌ಲೋಡ್ ಮಾಡ್ಕೊಂಡು ಹೋದವರು ಎಲ್ಲಿದ್ದಾರೋ ದೇವರಿಗೇ ಗೊತ್ತು. ಆದ್ರೂ ಹುಡುಕಬೇಕು, ಯಾಕಂದ್ರೆ ಬಿಸಿನೆಸ್ ಸಾಫ್ಟ್‌ವೇರ್ ಉಪಯೋಗಿಸೋರು ಸಾಮಾನ್ಯವಾಗಿ ಮಾತಾಡೋದೇ ಇಲ್ಲ. ಬಿಲ್ ಸರಿಯಾಗಿ ಬರ್ತಿದ್ರೆ ಯಾಕ್ ಮಾತಾಡ್ತಾರೆ? ನಾನು ಒಂದ್ಸಲ ಪೀಣ್ಯದ ಒಂದು ಬಿಡಿಭಾಗದ ಗೋಡೌನ್‌ನಲ್ಲಿ ಹತ್ತು ವರ್ಷಕ್ಕಿಂತ ಹಳೇ ವರ್ಷನ್ ಓಡ್ತಿರೋದು ನೋಡಿದೀನಿ, ಅದು ಓಪನ್ ಸೋರ್ಸ್ ಅಂತ ಅಲ್ಲಿ ಕೂತು ಎಂಟ್ರಿ ಹಾಕೋರಿಗೇ ಗೊತ್ತಿರ್ಲಿಲ್ಲ.

ಉಪಯೋಗಿಸೋರನ್ನ ಮೂರು ಗುಂಪು ಮಾಡಿ. ಇರೋದನ್ನ ಇದ್ದ ಹಾಗೇ ಓಡಿಸೋರು ಒಂದು. ಅದರ ಮೇಲೆ ತಮ್ಮ ಕೋಡ್ ಕಟ್ಟಿ ಕಸ್ಟಮರ್‌ಗೆ ಕೊಡೋ ಸರ್ವಿಸ್ ಕಂಪನಿಗಳು ಎರಡು. ಮೂರನೇದು, ಒಳಗಿನ ಒಂದು ಭಾಗ ಮಾತ್ರ ಕಿತ್ಕೊಂಡು ಹೋಗಿ ಬೇರೆ ಕಡೆ ಉಪಯೋಗಿಸೋರು. ಮೂರನೇದನ್ನ ಕಡೆಗಣಿಸಬೇಡಿ, ಅಟ್ಲಾಸಿಯನ್‌ ಕಂಪನಿಯವರ ಜಿರಾ (ಟೀಮಿನ ಕೆಲಸಗಳನ್ನ ಟಿಕೆಟ್ ಮಾಡಿ ಇಡೋ ಸಾಫ್ಟ್‌ವೇರ್) ಇದ್ಯಲ್ಲ, ಅದರೊಳಗೆ ಡೇಟಾಬೇಸ್ ಪದರವಾಗಿ ಕೂತಿರೋದು ಓಎಫ್‌ಬಿಜ್‌ನ ಎಂಟಿಟಿ ಇಂಜಿನ್. ದಿನಾ ಜಿರಾ ತೆಗೆಯೋ ಬೆಂಗಳೂರಿನ ಐಟಿ ಜನಕ್ಕೆ ಇಆರ್‌ಪಿ ಅಂದ್ರೆ ಅಲರ್ಜಿ, ಆದ್ರೆ ಇಆರ್‌ಪಿಯ ಒಂದು ತುಂಡು ಅವರ ಟಿಕೆಟ್ ಕೆಳಗೇ ಇದೆ!

ಪ್ರತಿ ಗುಂಪಿಂದ ನಾಲ್ಕೈದು ಜನಾನ ಹಿಡಿದು ಫೋನಲ್ಲೇ ಮಾತಾಡಿ. ಯಾವ ವರ್ಷನ್, ಯಾವ ಡೇಟಾಬೇಸ್, ಯಾವ ಯಾವ ಸ್ಕ್ರೀನ್ ದಿನಾ ತೆಗೀತೀರ, ಏನನ್ನ ನೀವೇ ಬದಲಾಯಿಸ್ಕೊಂಡಿದೀರ, ಅಪ್‌ಗ್ರೇಡ್ ಯಾಕೆ ಮಾಡಿಲ್ಲ. ಕೊನೇ ಪ್ರಶ್ನೆಗೆ ಬರೋ ಉತ್ತರದಲ್ಲೇ ನಿಮ್ಮ ವಿಷನ್‌ನ ಅರ್ಧ ಇರತ್ತೆ.

ಇಲ್ಲಿ ಎಡವೋದು ಎಲ್ಲಿ ಅಂದ್ರೆ, ಜೋರಾಗಿ ಕೂಗೋರನ್ನೇ "ಯೂಸರ್ಸ್" ಅಂದ್ಕೊಳ್ಳೋದು. ಗೂಗಲ್ ಫಾರ್ಮ್ ಕಳಿಸಿದ್ರೆ ತುಂಬೋರು ಡೆವಲಪರ್‌ಗಳೇ, ಅವರು ಹೊಸ ಟೆಕ್ನಾಲಜಿ ಕೇಳ್ತಾರೆ. ಅಕೌಂಟೆಂಟ್ ಯಾವತ್ತೂ ಫಾರ್ಮ್ ತುಂಬಲ್ಲ.

2. ಆಸ್ತಿ ಯಾವ್ದು, ಹೊರೆ ಯಾವ್ದು, ಪಟ್ಟಿ ಮಾಡಿ

ನನ್ನ ಪ್ರಕಾರ ಇದೇ ಅತಿ ಮುಖ್ಯ ಹಂತ, ಇದಕ್ಕೆ ಎರಡು ವಾರ ಕೊಡಿ. ಹಳೇ ಪ್ರಾಜೆಕ್ಟ್ ಅಂದ ತಕ್ಷಣ ಎಲ್ಲಾನೂ ಹಳೇದು ಅಂತಾರೆ, ಹಾಗಿರಲ್ಲ. ಕೆಲವು ಭಾಗ ವಯಸ್ಸಾದಷ್ಟೂ ಗಟ್ಟಿಯಾಗಿರತ್ತೆ, ಕೆಲವು ಕೊಳೆತಿರತ್ತೆ, ಎರಡೂ ಒಂದೇ ಫೋಲ್ಡರ್‌ನಲ್ಲಿ ಇರೋದೇ ತಲೆನೋವು.

ಓಎಫ್‌ಬಿಜ್‌ನ ಆಸ್ತಿ ನೋಡಿ. ಮೊದಲನೇದು ಡೇಟಾ ಮಾಡೆಲ್, ಅಂದ್ರೆ ಯಾವ ಮಾಹಿತಿ ಯಾವ ಟೇಬಲ್‌ನಲ್ಲಿ, ಒಂದಕ್ಕೊಂದು ಹೇಗೆ ಸಂಬಂಧ ಅನ್ನೋ ನಕ್ಷೆ. ಇಲ್ಲಿ ಗಿರಾಕಿ, ಸಪ್ಲಾಯರ್, ನೌಕರ, ಕಂಪನಿ ಎಲ್ಲರೂ "ಪಾರ್ಟಿ". ಒಬ್ಬನೇ ಮನುಷ್ಯ ನಿಮ್ಮ ಹತ್ರ ಸಾಮಾನು ತಗೊಳ್ತಾನೆ, ನಿಮಗೇ ಸಾಮಾನು ಕೊಡ್ತಾನೆ ಕೂಡ ಅಂದ್ರೆ ಎರಡು ಕಡೆ ಹೆಸರು ಹಾಕ್ಬೇಕಿಲ್ಲ, ಒಂದೇ ಪಾರ್ಟಿಗೆ ಎರಡು ಪಾತ್ರ. ನಮ್ಮ ವ್ಯಾಪಾರಸ್ಥರು ಬಾಯಲ್ಲೂ "ಆ ಪಾರ್ಟಿ ದುಡ್ಡು ಬರ್ಬೇಕು" ಅಂತಾನೇ ಅಲ್ವಾ ಹೇಳೋದು. ಇನ್ನೊಂದು, ಬೆಲೆ, ಟ್ಯಾಕ್ಸ್ ರೇಟ್, ಸಂಬಂಧ ಇಂಥ ಟೇಬಲ್‌ಗಳಲ್ಲೆಲ್ಲ ಯಾವತ್ತಿಂದ, ಯಾವತ್ತಿನವರೆಗೆ ಅನ್ನೋ ಎರಡು ತಾರೀಕು ಇರತ್ತೆ. 2025 ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ರೇಟ್ ಬದಲಾಗಿ ಎಷ್ಟೋ ಸಾಮಾನು 12ರಿಂದ 5ಕ್ಕೆ, 28ರಿಂದ 18ಕ್ಕೆ ಬಂತಲ್ಲ, ಇಂಥ ಕಡೆ ಹಳೇ ಸಾಲಿಗೆ ಕೊನೇ ತಾರೀಕು ಹಾಕಿ ಹೊಸ ಸಾಲು ಸೇರಿಸಿದ್ರೆ ಮುಗೀತು, ಹಳೇ ಬಿಲ್ ಹಳೇ ರೇಟಲ್ಲೇ ಇರತ್ತೆ. ಇದನ್ನ ಯೋಚನೆ ಮಾಡಿಟ್ಟವರು ಇಪ್ಪತ್ತು ವರ್ಷದ ಹಿಂದೆ ಮಾಡಿಟ್ರು, ಇವತ್ತು ಹೊಸದಾಗಿ ಬರೆಯೋ ಎಷ್ಟೋ ಆ್ಯಪ್‌ಗಳಲ್ಲಿ ಇದಿಲ್ಲ.

ಎರಡನೇ ಆಸ್ತಿ ಸರ್ವಿಸ್ ಇಂಜಿನ್. ಆರ್ಡರ್ ಹಾಕು, ಇನ್‌ವಾಯ್ಸ್ ಮಾಡು ಇಂಥ ಒಂದೊಂದು ಕೆಲಸಕ್ಕೂ ಏನು ಒಳಗೆ ಬರ್ಬೇಕು, ಏನು ಹೊರಗೆ ಹೋಗತ್ತೆ ಅಂತ ಮೊದಲೇ ಬರೆದಿಟ್ಟಿರೋ ವ್ಯವಸ್ಥೆ. ಈಗ ಎಲ್ಲರೂ ಎಪಿಐ, ಎಪಿಐ ಅಂತಾರಲ್ಲ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡೋ ಬಾಗಿಲು), ಆ ಬಾಗಿಲು ಕೊರೆಯೋಕೆ ಗೋಡೇಲಿ ಜಾಗ ಮೊದಲೇ ಬಿಟ್ಟಿದಾರೆ. ಆಮೇಲೆ ಬಂದ ರೆಸ್ಟ್ (ಎಪಿಐ ಕಟ್ಟೋ ಒಂದು ರೀತಿ) ಪ್ಲಗಿನ್, ಅಂದ್ರೆ ಬೇಕಾದ್ರೆ ಹೊರಗಿಂದ ಸೇರಿಸ್ಕೊಳ್ಳೋ ತುಂಡು, ಆ ಜಾಗಾನೇ ಬಳಸ್ಕೊಂಡಿದ್ದು.

ಈಗ ಹೊರೆ. ಮಿನಿಲ್ಯಾಂಗ್ ಅಂತ ಒಂದಿತ್ತು, ಎಕ್ಸ್‌ಎಂಎಲ್ (ಮಾಹಿತಿಗೆ ಟ್ಯಾಗ್ ಹಾಕಿ ಬರೆಯೋ ಒಂದು ರೀತಿ) ಟ್ಯಾಗ್‌ಗಳಲ್ಲೇ ಪ್ರೋಗ್ರಾಂ ಬರೆಯೋದು, ಇಫ್ ಬೇಕಂದ್ರೂ ಟ್ಯಾಗು, ಲೂಪ್ ಬೇಕಂದ್ರೂ ಟ್ಯಾಗು. ಆ ಕಾಲಕ್ಕೆ ಅದು ಜಾಣತನ, ಇವತ್ತು ಅದನ್ನ ಕಲಿಯೋಕೆ ಯಾವ ಹುಡುಗ ಹುಡುಗೀನೂ ಬರಲ್ಲ. ಅದಕ್ಕೇ ಒಂದೊಂದೇ ಫೈಲ್ ಹಿಡಿದು ಗ್ರೂವಿ ಭಾಷೆಗೆ ಬದಲಾಯಿಸೋ ಕೆಲಸಾನ ಅಲ್ಲಿಯವರು ವರ್ಷಗಟ್ಟಲೆ ಮಾಡ್ತಾ ಬಂದ್ರು. ಬೇಜಾರಿನ ಕೆಲಸ, ಆದ್ರೆ ಮಾಡರ್ನ್ ಮಾಡೋದು ಅಂದ್ರೆ ಬಹುಪಾಲು ಇದೇ.

ಹೊರೆ ಕಂಡುಹಿಡಿಯೋಕೆ ಪ್ರತಿ ಮಾಡ್ಯೂಲ್‌ಗೂ ನಾಲ್ಕು ಪ್ರಶ್ನೆ ಹಾಕಿ. ಕೊನೇ ಸಲ ಇದನ್ನ ಅರ್ಥ ಮಾಡ್ಕೊಂಡು ಮುಟ್ಟಿದ್ದು ಯಾವಾಗ (ಸ್ಪೆಲಿಂಗ್ ಸರಿ ಮಾಡಿದ್ದು ಲೆಕ್ಕಕ್ಕಿಲ್ಲ)? ಇದು ಗೊತ್ತಿರೋರು ಎಷ್ಟು ಜನ ಇನ್ನೂ ಪ್ರಾಜೆಕ್ಟ್‌ನಲ್ಲಿದ್ದಾರೆ? ಟೆಸ್ಟ್ ಇದ್ಯಾ? ಇದು ಇಂಟರ್ನೆಟ್‌ಗೆ ತೆರ್ಕೊಂಡಿದ್ಯಾ?

ನಾಲ್ಕನೇ ಪ್ರಶ್ನೆ ಯಾಕೆ ಅಂತ ಒಂಚೂರು ವಿವರವಾಗಿ ಹೇಳ್ತೀನಿ. ಓಎಫ್‌ಬಿಜ್‌ನಲ್ಲಿ ಎಕ್ಸ್‌ಎಂಎಲ್-ಆರ್‌ಪಿಸಿ ಅಂತ ಒಂದು ಹಳೇ ಬಾಗಿಲಿತ್ತು, ಬೇರೆ ಸಾಫ್ಟ್‌ವೇರ್ ಬಂದು ಮಾತಾಡೋಕೆ. 2020ರಲ್ಲಿ ಅದರಲ್ಲಿ ದೊಡ್ಡ ತೂತು ಸಿಕ್ತು, ಪ್ಯಾಚ್ ಹಾಕಿದ್ರು. ಅದಕ್ಕೆ ಆಧಾರವಾಗಿದ್ದ ಲೈಬ್ರರಿಯನ್ನ (ಬೇರೆಯವರು ಬರೆದಿಟ್ಟ ರೆಡಿ ಕೋಡ್) ನೋಡ್ಕೊಳ್ಳೋರು ಯಾರೂ ಇರ್ಲಿಲ್ಲ, ಆದ್ರೂ ಬಾಗಿಲು ಹಾಗೇ ಉಳೀತು. 2023ರಲ್ಲಿ ಅಲ್ಲೇ ಮತ್ತೆ ತೂತು, ಲಾಗಿನ್ ಇಲ್ದೇನೇ ಸರ್ವರ್ ಮೇಲೆ ಕೋಡ್ ಓಡಿಸ್ಬಹುದಾಗಿತ್ತು. ಆಗ 18.12.10 ವರ್ಷನ್‌ನಲ್ಲಿ ಆ ಬಾಗಿಲನ್ನೇ ಕಿತ್ತುಹಾಕಿದ್ರು. ಮುಗೀತು ಅಂದ್ಕೊಂಡ್ರೆ, ಹುತ್ತ ಬಡಿದ್ರೆ ಹಾವು ಸಾಯತ್ತಾ? ಮೂಲ ತಪ್ಪು ಲಾಗಿನ್ ಪರೀಕ್ಷೆ ಮಾಡೋ ಕೋಡ್‌ನಲ್ಲೇ ಇತ್ತು: ಹೆಸರು, ಪಾಸ್‌ವರ್ಡ್ ಎರಡೂ ಖಾಲಿ ಬಿಟ್ಟು "ಪಾಸ್‌ವರ್ಡ್ ಬದಲಾಯಿಸ್ಬೇಕು" ಅನ್ನೋ ಒಂದು ಗುರುತು ಜೊತೆಗೆ ಕಳಿಸಿದ್ರೆ ಒಳಗೆ ಬಿಟ್ಬಿಡ್ತಿತ್ತು. ಅದನ್ನ ಅದೇ ವರ್ಷ ಡಿಸೆಂಬರ್‌ನಲ್ಲಿ 18.12.11ರಲ್ಲಿ ಸರಿ ಮಾಡಿದ್ರು. 2024ರ ಆಗಸ್ಟ್ ಹೊತ್ತಿಗೆ ಬೇರೆ ಎರಡು ತೂತು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇಟ್ಟಿರೋ "ನಿಜವಾಗ್ಲೂ ದಾಳಿ ಆಗ್ತಿರೋ ತೂತು"ಗಳ ಪಟ್ಟಿಗೆ ಸೇರಿದ್ವು.

ಹಾಗಾಗಿ ಯಾರೂ ನೋಡ್ಕೊಳ್ದೇ ಇರೋ, ಆದ್ರೆ ಹೊರಗೆ ತೆರ್ಕೊಂಡಿರೋ ಭಾಗ ಕಂಡ್ರೆ ಅದನ್ನ ತೆಗೆಯೋದೇ ವಿಷನ್‌ನ ಮೊದಲ ಸಾಲು. "ಯಾರಾದ್ರೂ ಉಪಯೋಗಿಸ್ತಿರ್ಬಹುದು" ಅಂತ ಯಾರಾದ್ರೂ ಅಡ್ಡ ಹಾಕೇ ಹಾಕ್ತಾರೆ. ಅಪ್ಪ ನೆಟ್ಟ ಆಲದಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳೋಕಾಗಲ್ಲ. ಉಪಯೋಗಿಸ್ತಿರೋರು ಮುಂದೆ ಬಂದು ನೋಡ್ಕೊಳ್ತೀನಿ ಅನ್ಲಿ, ಪ್ಲಗಿನ್ ಮಾಡಿ ಬೇರೆ ಇಡೋಣ, ಡಿಫಾಲ್ಟ್ ಆಗಿ ಮಾತ್ರ ಬೇಡ.

3. "ಬೇಡ" ಪಟ್ಟಿ ಮೊದಲು, ವಿಷನ್ ವಾಕ್ಯ ಆಮೇಲೆ

ಎಲ್ಲರೂ ಉಲ್ಟಾ ಮಾಡ್ತಾರೆ. "ನಾವು ಆಧುನಿಕ, ಸ್ಕೇಲಬಲ್, ಕ್ಲೌಡ್ ನೇಟಿವ್ ಪ್ಲಾಟ್‌ಫಾರ್ಮ್" ಅಂತ ಶುರು ಮಾಡ್ತಾರೆ. ಆ ವಾಕ್ಯದಲ್ಲಿ ನಿಮ್ಮ ಪ್ರಾಜೆಕ್ಟ್ ಹೆಸರು ತೆಗೆದು ಪಕ್ಕದ ಪ್ರಾಜೆಕ್ಟ್ ಹೆಸರು ಹಾಕಿ ಓದಿ. ಸರಿಹೋಯ್ತಾ? ಹಾಗಾದ್ರೆ ಹರಿದುಹಾಕಿ.

ಮೊದಲು ಏನು ಮಾಡಲ್ಲ ಅಂತ ಐದಾರು ಸಾಲು ಬರೀರಿ. ಉದಾಹರಣೆಗೆ: ಒಂದು ಕಿರಾಣಿ ಅಂಗಡಿಗೆ ಅರ್ಧ ಗಂಟೇಲಿ ಸೆಟಪ್ ಆಗೋ ಬಿಲ್ಲಿಂಗ್ ಸಾಫ್ಟ್‌ವೇರ್ ನಾವಲ್ಲ. ನಮ್ಮದೇ ಸ್ಕ್ರೀನ್ ಡಿಸೈನ್ ಭಾಷೆ ಇನ್ಮುಂದೆ ಬೆಳೆಸಲ್ಲ. ನಮ್ಮದೇ ರಿಪೋರ್ಟ್ ಟೂಲ್ ಬರೆಯಲ್ಲ. ಇದು ಬರೆಯುವಾಗ ಜಗಳ ಆಗತ್ತೆ, ಆಗ್ಲಿ, ಈಗಲೇ ಆಗೋದು ಒಳ್ಳೇದು.

ಆಮೇಲೆ ಅಕ್ಕಪಕ್ಕ ನೋಡಿ. ಮುಂಬೈನಿಂದ ಬಂದ ಇಆರ್‌ಪಿನೆಕ್ಸ್ಟ್ ಇದೆ, ಇಲ್ಲಿನ ಸಣ್ಣ ಕಂಪನಿಗೆ ಬೇಗ ಹೊಂದ್ಕೊಳ್ಳತ್ತೆ. ಬೆಲ್ಜಿಯಂನ ಓಡೂ ಇದೆ, 2005ರಲ್ಲಿ ಟೈನಿ ಇಆರ್‌ಪಿ ಅಂತ ಹುಟ್ಟಿ, ಓಪನ್ ಇಆರ್‌ಪಿ ಆಗಿ, 2014ರಲ್ಲಿ ಓಡೂ ಆಯ್ತು, 2015ರ ಹೊತ್ತಿಗೆ ಕಮ್ಯುನಿಟಿ ಬೇರೆ ಎಂಟರ್‌ಪ್ರೈಸ್ ಬೇರೆ ಅಂತ ಎರಡು ಮಾಡ್ಕೊಂಡ್ರು, ಎಂಟರ್‌ಪ್ರೈಸ್‌ಗೆ ದುಡ್ಡು ಕಟ್ಬೇಕು. ಅವರ ಸ್ಕ್ರೀನ್ ಚಂದ ಇದೆ ಅಂತ ಅದೇ ಥರ ಮಾಡೋಕೆ ಹೋದ್ರೆ ಮೂಗಿಗಿಂತ ಮೂಗುತಿ ಭಾರ ಆಗತ್ತೆ. ಅವರ ಹಿಂದೆ ಸಂಬಳ ಕೊಡೋ ಕಂಪನಿ ಇದೆ, ನಿಮ್ಮ ಹಿಂದೆ ಶನಿವಾರ ಭಾನುವಾರ ಕೂತು ಕೆಲಸ ಮಾಡೋರಿದ್ದಾರೆ, ಅಷ್ಟೇ ವ್ಯತ್ಯಾಸ ಆದ್ರೂ ದೊಡ್ಡ ವ್ಯತ್ಯಾಸ.

ಎಲ್ಲಾ ನೋಡಿದ್ಮೇಲೆ ವಾಕ್ಯ ಹೀಗೆ ಬರ್ಬಹುದು (ಇದು ನಾನು ಉದಾಹರಣೆಗೆ ಬರೆದದ್ದು, ಪ್ರಾಜೆಕ್ಟ್‌ನ ಅಧಿಕೃತ ಮಾತಲ್ಲ): "ಸ್ವಂತ ಡೆವಲಪರ್‌ಗಳಿರೋ ಕಂಪನಿಗಳು ತಮ್ಮದೇ ವ್ಯವಹಾರದ ಸಾಫ್ಟ್‌ವೇರ್ ಕಟ್ಕೊಳ್ಳೋಕೆ ಗಟ್ಟಿ ಡೇಟಾ ಮಾಡೆಲ್ ಮತ್ತೆ ರೆಡಿ ಸರ್ವಿಸ್‌ಗಳನ್ನ ಕೊಡೋ ತಳಪಾಯ, ಸ್ಕ್ರೀನ್‌ಗಳು ಮಾದರಿಗೆ ಮಾತ್ರ." ಕೊನೇ ಮೂರು ಪದ ನೋಡಿ, ಆ ಒಂದು ನಿರ್ಧಾರದಿಂದ ಎಷ್ಟೋ ವರ್ಷದ ಕೆಲಸ ಪಟ್ಟಿಯಿಂದ ಹೊರಗೆ ಹೋಯ್ತು. ಹೊರಗೆ ಹಾಕೋ ಶಕ್ತಿ ಇಲ್ದೇ ಇರೋ ವಾಕ್ಯ ಗೋಡೆ ಮೇಲೆ ಫ್ರೇಮ್ ಹಾಕೋಕಷ್ಟೇ ಲಾಯಕ್ಕು.

4. "ಮೊದಲಿಂದ ಬರೆದುಬಿಡೋಣ" ಅನ್ನೋ ಆಸೆ ತಡ್ಕೊಳ್ಳಿ

ಈ ಮಾತು ಮೂರನೇ ಮೀಟಿಂಗ್‌ನಲ್ಲಿ ಬರತ್ತೆ, ಬರೆದಿಟ್ಕೊಳ್ಳಿ. ಇದಕ್ಕೆ ಇತಿಹಾಸ ಸಾಕಷ್ಟಿದೆ. ನೆಟ್‌ಸ್ಕೇಪ್ ಬ್ರೌಸರ್‌ನವರು 1998ರಲ್ಲಿ ಕೋಡ್ ಬಿಡುಗಡೆ ಮಾಡಿ, ಆಮೇಲೆ ಹಳೇದನ್ನ ಬಿಟ್ಟು ಹೊಸದಾಗಿ ಬರೆಯೋಕೆ ಹೋದ್ರು, ನೆಟ್‌ಸ್ಕೇಪ್ 6 ಬಂದಿದ್ದು 2000ದ ಕೊನೇಲಿ, ಅಷ್ಟರಲ್ಲಿ ಮಾರ್ಕೆಟ್ಟು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೈಲಿತ್ತು. ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹೊಸ ರೂಪ ಪರ್ಲ್ 6ರ ಘೋಷಣೆ 2000ದಲ್ಲಿ, ಮೊದಲ ಸ್ಥಿರ ಬಿಡುಗಡೆ 2015ರ ಡಿಸೆಂಬರ್‌ನಲ್ಲಿ, ಕೊನೆಗೆ 2019ರಲ್ಲಿ ಹೆಸರೇ ರಾಕು ಅಂತ ಬದಲಾಯಿಸ್ಕೊಂಡು ಬೇರೆ ಭಾಷೆ ಆಗೋಯ್ತು.

ಇಆರ್‌ಪಿಯಲ್ಲಿ ಇದು ಇನ್ನೂ ಕಷ್ಟ. ಬ್ರೌಸರ್ ಬದಲಾಯಿಸಿದ್ರೆ ಬುಕ್‌ಮಾರ್ಕ್ ಹೋಗತ್ತೆ, ಇಆರ್‌ಪಿ ಬದಲಾಯಿಸಿದ್ರೆ ಲೆಕ್ಕ ಹೋಗತ್ತೆ. ನಮ್ಮ ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕಗಳನ್ನ 8 ಹಣಕಾಸು ವರ್ಷ ಇಟ್ಕೊಂಡಿರ್ಬೇಕು, ಅಂದ್ರೆ ನಿಮ್ಮ ಹೊಸ ವರ್ಷನ್ ಹಳೇ ಡೇಟಾ ಓದಲ್ಲ ಅಂದ್ರೆ ಕಂಪನಿಯವ್ರು ಅಪ್‌ಗ್ರೇಡ್ ಮಾಡೋದೇ ಇಲ್ಲ, ಸುಮ್ನೆ ಹಳೇದ್ರಲ್ಲೇ ಕೂತ್ಬಿಡ್ತಾರೆ, ಒಂದನೇ ಹಂತದಲ್ಲಿ ಹೇಳಿದ ಗೋಡೌನ್ ಥರ.

ಹಾಗಾದ್ರೆ ಏನು ಮಾಡೋದು? ಜನ ವಾಸ ಇರೋ ಮನೇನ ರಿಪೇರಿ ಮಾಡೋ ಹಾಗೆ, ಒಂದೊಂದೇ ಕೋಣೆ. ಮೂರು ನಿಯಮ ಇಟ್ಕೊಳ್ಳಿ. ಒಂದು, ಡೇಟಾಬೇಸ್ ಕೊನೇಲಿ ಮುಟ್ಟಿ. ಎರಡು, ಹಳೇ ಸ್ಕ್ರೀನ್ ಮತ್ತೆ ಹೊಸ ಸ್ಕ್ರೀನ್ ಒಂದೇ ಸರ್ವಿಸ್‌ನ ಕರೀಲಿ, ಹಾಗಾದ್ರೆ ಎರಡೂ ಪಕ್ಕಪಕ್ಕ ಓಡತ್ತೆ, ಹೊಸದು ಗಟ್ಟಿ ಆದ ದಿನ ಹಳೇದು ತೆಗೀಬಹುದು. ಮೂರು, ತೆಗೆಯೋ ಮುಂಚೆ ಒಂದು ಪೂರ್ತಿ ಬಿಡುಗಡೆಯ ಕಾಲ "ಇದು ಹೋಗತ್ತೆ" ಅಂತ ಎಚ್ಚರಿಕೆ ಕೊಡಿ. ಇದಕ್ಕೆ ಡೆಪ್ರಿಕೇಟ್ ಮಾಡೋದು ಅಂತಾರೆ.

ವೆಬ್‌ಸೈಟ್ ಕಟ್ಟೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಡ್ರುಪಲ್ ಕಥೆ ಇಲ್ಲಿ ಪಾಠ, ಎರಡೂ ಕಡೆಯಿಂದ. 2015ರ ನವೆಂಬರ್‌ನಲ್ಲಿ ಬಂದ ಡ್ರುಪಲ್ 8 ಒಳಗೆಲ್ಲ ಹೊಸದು, ಚೆನ್ನಾಗೇ ಇತ್ತು, ಆದ್ರೆ 7ರಿಂದ 8ಕ್ಕೆ ಹೋಗೋದು ಅಂದ್ರೆ ಸೈಟ್ ಹೊಸದಾಗಿ ಕಟ್ಟಿದ ಹಾಗೆ, ಜನ ಹೋಗ್ಲಿಲ್ಲ, ಕೊನೇ ತಾರೀಕು ಮುಂದಕ್ಕೆ ಹಾಕ್ತಾ ಹಾಕ್ತಾ ಡ್ರುಪಲ್ 7ಕ್ಕೆ 2025ರ ಜನವರಿ 5ರವರೆಗೂ ಸಪೋರ್ಟ್ ಕೊಡ್ಬೇಕಾಯ್ತು. ಪಾಠ ಕಲ್ತು 2020ರಲ್ಲಿ ಡ್ರುಪಲ್ 9 ಬಿಟ್ಟಾಗ ಅದು ಹೆಚ್ಚುಕಮ್ಮಿ 8ರ ಕೊನೇ ವರ್ಷನ್ನೇ, ಡೆಪ್ರಿಕೇಟ್ ಆಗಿದ್ದನ್ನ ತೆಗೆದು ಲೈಬ್ರರಿಗಳನ್ನ ಹೊಸದು ಮಾಡಿದ್ರು ಅಷ್ಟೇ. ಜನ ಆರಾಮಾಗಿ ದಾಟಿದ್ರು.

ಆದ್ರೂ ಹೊಸದಾಗಿ ಬರೀಲೇಬೇಕು ಅನ್ನೋ ಗಟ್ಟಿ ಆಸೆ ಯಾರಿಗಾದ್ರೂ ಇದ್ರೆ ಹೊರಗೆ ಬೇರೆ ಹೆಸರಲ್ಲಿ ಮಾಡ್ಲಿ. ಓಎಫ್‌ಬಿಜ್ ಶುರು ಮಾಡಿದ ಜೋನ್ಸ್ ಅವರೇ ಮೊಕ್ವಿ ಅಂತ ಬೇರೆ ಫ್ರೇಮ್‌ವರ್ಕ್ (ಸಾಫ್ಟ್‌ವೇರ್ ಕಟ್ಟೋಕೆ ರೆಡಿ ಚೌಕಟ್ಟು) ಬರೆದ್ರು, ಓಎಫ್‌ಬಿಜ್‌ನ ಅದರ ಪಾಡಿಗೆ ಬಿಟ್ರು. ಯಾರಿಗೂ ತೊಂದರೆ ಆಗ್ಲಿಲ್ಲ.

5. ಹೊಸಬರ ಮೊದಲ ಗಂಟೆ ಅಳೆಯಿರಿ

ಆ ಮೂರನೇ ವ್ಯಕ್ತೀನ ಈಗ ಕರೀರಿ. ಖಾಲಿ ಲ್ಯಾಪ್‌ಟಾಪ್ ಕೊಟ್ಟು ಇನ್‌ಸ್ಟಾಲ್ ಮಾಡು ಅನ್ನಿ, ನೀವು ಹಿಂದೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ಎಲ್ಲಿ ನಿಂತ್ರು ಅಂತ ಮಾತ್ರ ಬರ್ಕೊಳ್ಳಿ. ಸಹಾಯ ಮಾಡಿದ್ರೆ ಪರೀಕ್ಷೆ ಕೆಟ್ಟೋಗತ್ತೆ.

ಓಎಫ್‌ಬಿಜ್‌ನಲ್ಲಿ ಹೇಗಾಗತ್ತೆ ಅಂದ್ರೆ, ಬಿಡುಗಡೆ ಫೈಲ್ ಇಳಿಸ್ತಾರೆ, ಗ್ರೇಡಲ್ (ಕೋಡ್‌ನ ಓಡೋ ಸಾಫ್ಟ್‌ವೇರ್ ಆಗಿ ಕಟ್ಟೋ ಟೂಲ್) ಕಮಾಂಡ್ ಹೊಡೀತಾರೆ, ಎರರ್. ಯಾಕಂದ್ರೆ ಅಪಾಚೆ ತನ್ನ ಸೋರ್ಸ್ ಬಿಡುಗಡೆಯಲ್ಲಿ ಕಂಪೈಲ್ ಆದ (ಮೆಷಿನ್ ಓಡಿಸೋಕೆ ತಯಾರಾದ) ಫೈಲ್ ಸೇರಿಸಲ್ಲ, ಹಾಗಾಗಿ ಗ್ರೇಡಲ್‌ನ ಎಳ್ಕೊಂಡು ಬರೋ ಸಣ್ಣ ಫೈಲ್ ಅದರಲ್ಲಿಲ್ಲ, ಅದನ್ನ ತರೋಕೆ ಬೇರೆ ಸ್ಕ್ರಿಪ್ಟ್ ಮೊದಲು ಓಡಿಸ್ಬೇಕು. ಜೊತೆಗಿರೋ ರೀಡ್‌ಮಿ ಫೈಲ್‌ನಲ್ಲಿ ಬರೆದಿದೆ, ಆದ್ರೆ ಯಾರು ಓದ್ತಾರೆ? ಅದು ದಾಟಿದ್ರೆ ಡೆಮೋ ಡೇಟಾ ಲೋಡ್ ಆಗೋಕೆ ಕಾಯ್ಬೇಕು, ಆಮೇಲೆ ಬ್ರೌಸರ್‌ನಲ್ಲಿ 8443 ಪೋರ್ಟ್ ತೆಗೆದ್ರೆ "ಈ ಸೈಟ್ ಸುರಕ್ಷಿತ ಅಲ್ಲ" ಅಂತ ಕೆಂಪು ಪುಟ, ಯಾಕಂದ್ರೆ ಸರ್ಟಿಫಿಕೇಟ್ ತಾನೇ ಬರ್ಕೊಂಡಿದ್ದು. ಇಷ್ಟರಲ್ಲಿ ಹುಡುಗ ಚಹಾ ಕುಡಿಯೋಕೆ ಹೋಗಿರ್ತಾನೆ, ವಾಪಸ್ ಬರಲ್ಲ.

ಇದೆಲ್ಲ ಸಣ್ಣ ವಿಷಯ ಅನ್ನಿಸತ್ತೆ. ಆದ್ರೆ ಹೊಸ ಸ್ಕ್ರೀನ್ ಕಟ್ಟೋಕೆ ಎರಡು ವರ್ಷ ಬೇಕು, ಈ ಮೊದಲ ಗಂಟೆ ಸರಿಮಾಡೋಕೆ ಎರಡು ವಾರ ಸಾಕು. ಒಂದು ಕಂಟೇನರ್ ಇಮೇಜ್, ಅಂದ್ರೆ ಎಲ್ಲಾ ಒಳಗೇ ತುಂಬಿ ಒಂದೇ ಕಮಾಂಡ್‌ಗೆ ಎದ್ದು ನಿಲ್ಲೋ ಡಬ್ಬಿ, ಕೊಟ್ರೆ ಬಹುಪಾಲು ಮುಗೀತು. ವಿಷನ್‌ನಲ್ಲಿ "ಅರ್ಧ ಗಂಟೇಲಿ ಮೊದಲ ಆರ್ಡರ್ ಹಾಕೋ ಹಾಗಿರ್ಬೇಕು" ಅಂತ ಒಂದು ಅಳೆಯೋ ಗುರಿ ಬರೀರಿ.

ಇಲ್ಲಿ ಒಂದು ಎಚ್ಚರಿಕೆ ಕೊಡ್ಲೇಬೇಕು. ಡೆಮೋ ಸುಲಭ ಮಾಡೋ ಭರದಲ್ಲಿ ಡೆಮೋ ಪಾಸ್‌ವರ್ಡ್‌ಗಳ ಜೊತೆಗೇ ಲೈವ್ ಹೋಗೋ ದಾರಿ ಬಿಡಬೇಡಿ. ಎಲ್ಲರಿಗೂ ಗೊತ್ತಿರೋ ಅಡ್ಮಿನ್ ಪಾಸ್‌ವರ್ಡ್ ಇಟ್ಕೊಂಡು ಇಂಟರ್ನೆಟ್‌ನಲ್ಲಿ ನಿಂತಿರೋ ಸರ್ವರ್ ಕಂಡ್ರೆ ನನಗೆ ಈಗ್ಲೂ ಹೊಟ್ಟೆ ತೊಳಸತ್ತೆ.

6. ದೇಶದ ಕಾನೂನು ಕೋರ್‌ನಿಂದ ಹೊರಗಿಡಿ

ಇಲ್ಲಿನವರು ಕೇಳೋದು ಇದನ್ನೇ ಜಾಸ್ತಿ. ಜಿಎಸ್‌ಟಿ 2017ರ ಜುಲೈ 1ಕ್ಕೆ ಬಂತು. ಇ-ಇನ್‌ವಾಯ್ಸ್, ಅಂದ್ರೆ ಬಿಲ್ ವಿವರ ಸರ್ಕಾರದ ಪೋರ್ಟಲ್‌ಗೆ ಕಳಿಸಿ ಐಆರ್‌ಎನ್ ಅನ್ನೋ ನಂಬರ್ ತಗೊಳ್ಳೋದು, 2020ರ ಅಕ್ಟೋಬರ್ 1ಕ್ಕೆ 500 ಕೋಟಿ ದಾಟಿದ ವಹಿವಾಟಿನವ್ರಿಗೆ ಶುರುವಾಗಿ, ಇಳೀತಾ ಇಳೀತಾ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಗೂ ಎಡಿಟ್ ಲಾಗ್ ಇರ್ಬೇಕು, ಅದನ್ನ ಆಫ್ ಮಾಡೋಕೆ ಆಗಬಾರ್ದು ಅನ್ನೋ ನಿಯಮ.

ಇದನ್ನೆಲ್ಲ ಕೋರ್, ಅಂದ್ರೆ ಎಲ್ಲರಿಗೂ ಒಂದೇ ಆದ ಮೂಲ ಕೋಡ್ ಒಳಗೆ ತುರುಕಿದ್ರೆ ಜರ್ಮನಿಯವರು ನಿಮ್ಮನ್ನ ಬೈತಾರೆ, ಅವರದ್ದು ತುರುಕಿದ್ರೆ ನೀವು ಬೈತೀರ. ದೇಶಕ್ಕೊಂದು ಪ್ಲಗಿನ್, ಅದಕ್ಕೊಬ್ರು ಹೆಸರು ಹೇಳಿ ಹೊಣೆ ಹೊತ್ತವ್ರು, ಹೊಣೆ ಹೊರೋರಿಲ್ಲ ಅಂದ್ರೆ ಪ್ಲಗಿನ್ ಪಟ್ಟಿಯಿಂದ ಹೊರಗೆ. ಎಡಿಟ್ ಲಾಗ್ ಮಾತ್ರ ಕೋರ್‌ನಲ್ಲೇ ಇರ್ಲಿ, ಅದು ಎಲ್ಲಾ ದೇಶಕ್ಕೂ ಬೇಕಾಗೋದು. ಕನ್ನಡದಲ್ಲಿ ಬಿಲ್ ಕೊಡೋ ಆಸೆ ಇದ್ರೆ ಲೇಬಲ್ ಅನುವಾದಕ್ಕೆ ಮುಂಚೆ ಪಿಡಿಎಫ್‌ನಲ್ಲಿ "ಕ್ಷೇತ್ರ", "ಸ್ವರ್ಣ", "ಒಟ್ಟು" ಈ ಮೂರು ಪದ ಪ್ರಿಂಟ್ ಹಾಕಿ ನೋಡಿ, ಒತ್ತಕ್ಷರ ಒಡೆದು ಬಂದ್ರೆ ಅನುವಾದಕ್ಕೆ ಕೂರೋ ಮುಂಚೆ ಅದನ್ನ ಸರಿಮಾಡಿ. ಮೊತ್ತ 1,00,000 ಅಂತ ಬರತ್ತಾ 100,000 ಅಂತ ಬರತ್ತಾ ಅದನ್ನೂ ನೋಡ್ಕೊಳ್ಳಿ.

7. ಎರಡು ಪುಟ ಬರೆದು ಒಪ್ಪಿಗೆ ತಗೊಳ್ಳಿ

ಎರಡು ಪುಟ. ಮೂರಲ್ಲ. ವಿಷನ್ ವಾಕ್ಯ, ಬೇಡ ಪಟ್ಟಿ, ಉಳಿಸ್ಕೊಳ್ಳೋ ಆಸ್ತಿ, ತೆಗೆಯೋ ಹೊರೆ ಮತ್ತೆ ಯಾವ ಬಿಡುಗಡೆಯಲ್ಲಿ ತೆಗೀತೀವಿ, ಅಳೆಯೋ ಎರಡು ಮೂರು ಗುರಿ. ಪ್ರತಿ ಕೆಲಸದ ಎದುರು ಒಂದು ಹೆಸರು. ಇದು ಕಂಪನಿ ಅಲ್ಲ, ಯಾರಿಗೂ ಕೆಲಸ ಹಂಚೋಕೆ ಆಗಲ್ಲ, ಹಾಗಾಗಿ ಹೆಸರು ಅವರೇ ಬರ್ಕೋಬೇಕು. ಹೆಸರಿಲ್ಲದ ಸಾಲು ವಿಷನ್‌ನಲ್ಲಿ ಬೇಡ, ಅಳಿಸಿ, ಎಷ್ಟೇ ಚಂದ ಇದ್ರೂ.

ಒಪ್ಪಿಗೆ ಪಡೆಯೋ ಕ್ರಮ ಅಪಾಚೆಯದ್ದು ಚೆನ್ನಾಗಿದೆ, ಬೇರೆಯವರೂ ಕಡ ತಗೋಬಹುದು. ಸಣ್ಣಪುಟ್ಟದಕ್ಕೆ ಲೇಜಿ ಕನ್ಸೆನ್ಸಸ್: ಹೀಗೆ ಮಾಡ್ತಿದ್ದೀನಿ ಅಂತ ಎಲ್ಲರಿಗೂ ತಿಳಿಸಿ ಕನಿಷ್ಠ 72 ಗಂಟೆ ಕಾಯೋದು, ಯಾರೂ ಬೇಡ ಅನ್ಲಿಲ್ಲ ಅಂದ್ರೆ ಒಪ್ಪಿದ ಹಾಗೆ. ಕೋಡ್ ಬದಲಾವಣೆಗೆ ಮತದ ಹಕ್ಕಿರೋರು -1 (ಬೇಡ ಅನ್ನೋ ಮತ) ಹಾಕಿದ್ರೆ ಅದು ವೀಟೋ, ಆದ್ರೆ ತಾಂತ್ರಿಕ ಕಾರಣ ಕೊಡ್ಬೇಕು, "ನಂಗಿಷ್ಟ ಇಲ್ಲ" ನಡೆಯಲ್ಲ. 72 ಗಂಟೆ ಯಾಕೆ ಅಂದ್ರೆ ಜನ ಬೇರೆ ಬೇರೆ ದೇಶದಲ್ಲಿರ್ತಾರೆ, ರಜಾ ಇರತ್ತೆ. ನೀವು ಶುಕ್ರವಾರ ರಾತ್ರಿ ಹಾಕಿ ಸೋಮವಾರ ಮುಗಿಸಿದ್ರೆ ನಿಯಮ ಪಾಲಿಸಿದ್ರೂ ನಂಬಿಕೆ ಹೋಗತ್ತೆ. ವಿಷನ್‌ಗೆ ಎರಡು ವಾರ ಕೊಡಿ.

ವಿರೋಧ ಯಾರಿಂದ ಬರತ್ತೆ ಅಂತ ಮೊದಲೇ ಹೇಳ್ಬಿಡ್ತೀನಿ, ಹಳೇ ಭಾಗದ ಮೇಲೆ ಹೊಟ್ಟೆಪಾಡು ಇರೋ ಕನ್ಸಲ್ಟೆಂಟ್‌ಗಳಿಂದ. ಅವರನ್ನ ವಿಲನ್ ಮಾಡಬೇಡಿ, ಅವರ ಹತ್ರ ಹತ್ತಾರು ಕಸ್ಟಮರ್‌ಗಳಿದ್ದಾರೆ, ನಿಮ್ಮ ಒಂದನೇ ಹಂತದ ಮಾಹಿತಿ ಬಂದಿದ್ದೇ ಅವರಿಂದ. ಡೆಪ್ರಿಕೇಟ್ ಮಾಡೋ ತಾರೀಕನ್ನ ಅವರ ಜೊತೆ ಕೂತು ಗೊತ್ತುಮಾಡಿ. ಎಲ್ಲರನ್ನೂ ಬಿಟ್ಟು ಒಂದೇ ಕಡೆಯವರು ನಿರ್ಧಾರ ಮಾಡಿದ್ರೆ ಏನಾಗತ್ತೆ ಅನ್ನೋಕೆ ಕಂಪಿಯೆರೆ ಅನ್ನೋ ಓಪನ್ ಸೋರ್ಸ್ ಇಆರ್‌ಪಿಯ ಕಥೆ ಇದೆ, 2006ರಲ್ಲಿ ಕಮ್ಯುನಿಟಿಯವರು ಬೇಸತ್ತು ಕೋಡ್ ನಕಲು ಮಾಡ್ಕೊಂಡು ಅಡೆಂಪಿಯೆರೆ ಅಂತ ಬೇರೆ ಮನೆ ಮಾಡಿದ್ರು, ಮುಂದೆ ಅದರಿಂದ ಐಡೆಂಪಿಯೆರೆ ಅಂತ ಇನ್ನೊಂದು ಬೇರೆ ಆಯ್ತು. ಓಪನ್ ಸೋರ್ಸ್‌ನಲ್ಲಿ ಸಿಟ್ಟು ಬಂದೋರಿಗೆ ಬಾಗಿಲು ಯಾವಾಗ್ಲೂ ತೆರೆದೇ ಇರತ್ತೆ.

8. ಒಪ್ಪಿಗೆ ಆದ ತೊಂಬತ್ತು ದಿನದೊಳಗೆ ಒಂದು ತೆಗೀರಿ, ಒಂದು ಕೊಡಿ

ಹೊರೆ ಪಟ್ಟಿಯಿಂದ ಒಂದು ನಿಜವಾಗ್ಲೂ ಹೋಗ್ಬೇಕು, ಮೊದಲ ಗಂಟೆಯ ಪಟ್ಟಿಯಿಂದ ಒಂದು ನಿಜವಾಗ್ಲೂ ಸರಿ ಆಗ್ಬೇಕು. ಎರಡೂ ಮುಂದಿನ ಬಿಡುಗಡೆಯ ಟಿಪ್ಪಣಿಯಲ್ಲಿ ಮೊದಲ ಎರಡು ಸಾಲಾಗಿ ಬರ್ಬೇಕು. ದೊಡ್ಡ ಕೆಲಸದಿಂದ ಶುರು ಮಾಡಬೇಡಿ, ಸ್ಕ್ರೀನ್ ಬದಲಾಯಿಸೋ ಕೆಲಸ ಮೊದಲ ವರ್ಷ ಮುಟ್ಟಲೇಬೇಡಿ.

ಆಮೇಲೆ ಆರು ತಿಂಗಳಿಗೊಂದು ಸಲ ಅದೇ ಎರಡು ಪುಟ ತೆಗೆದು, ಹೆಸರು ಬರ್ಕೊಂಡೋರು ಇನ್ನೂ ಇದ್ದಾರಾ ನೋಡಿ. ಇಲ್ಲ ಅಂದ್ರೆ ಆ ಸಾಲಿಗೆ ಬೇರೆ ಹೆಸರು ಹುಡುಕಿ, ಸಿಗ್ಲಿಲ್ಲ ಅಂದ್ರೆ ಸಾಲು ಅಳಿಸಿ. ಹೊಸದಾಗಿ ಬಂದವರೊಬ್ರಿಗೆ ಮತ್ತೆ ಖಾಲಿ ಲ್ಯಾಪ್‌ಟಾಪ್ ಕೊಟ್ಟು ಕೂರಿಸಿ, ಹೋದ ಸಲದವರು ಎಲ್ಲಿ ನಿಂತಿದ್ರು ಅನ್ನೋ ಚೀಟಿ ಪಕ್ಕದಲ್ಲಿಟ್ಕೊಂಡು ಈ ಸಲ ಎಲ್ಲಿ ನಿಂತ್ರು ಅಂತ ಬರ್ಕೊಳ್ಳಿ.